ಎನ್‌ಎಂಆರ್‌ನಲ್ಲಿ ಪಿಎಚ್‌ಡಿ ಮಾಡಿದರೆ ವಿಕಿರಣ ತಗಲುತ್ತದೆಯೇ?

ಪ್ರಶ್ನೆ: ಮಗಳಿಗೆ ಪಿಎಚ್‌ಡಿ ಸೀಟು ಸಿಕ್ಕಿದೆ. ವಿಷಯ ‘ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ (ಎನ್‌ಎಂಆರ್)ನಲ್ಲಿ ಕ್ವಾಂಟಂ ಕಂಟ್ರೋಲ್’ ಅಂತೆ. ಐದು ವರ್ಷ ವಿಕಿರಣದ ಹತ್ತಿರ ಕೂತರೆ ಆರೋಗ್ಯದ ಗತಿಯೇನು? ಮುಗಿಸಿದ ಮೇಲೆ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಗುತ್ತದೆಯೇ?
– ಶಿರಸಿಯ ಓದುಗರೊಬ್ಬರು

ಉತ್ತರ: ವಿಕಿರಣ ಇಲ್ಲ. ಕೈಗಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಒಮ್ಮೆ ಅಂಕೋಲಾದಿಂದ, ಒಮ್ಮೆ ಕುಮಟಾದಿಂದ ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ತೆಗೆದಿಟ್ಟುಕೊಳ್ಳಿ.

ನಮ್ಮ ಜಿಲ್ಲೆಯವರಿಗೆ ಈ ಹೆದರಿಕೆ ಸಹಜ. ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಮೇಲೆ ತಲಾ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರುಗಳಿವೆ. ಅಲ್ಲಿ ಯುರೇನಿಯಂ ಪರಮಾಣುವಿನ ನಡುವಿನ ತಿರುಳು, ಅಂದರೆ ನ್ಯೂಕ್ಲಿಯಸ್, ಒಡೆಯುತ್ತದೆ. ಎನ್‌ಎಂಆರ್‌ನಲ್ಲಿ ಯಾವ ನ್ಯೂಕ್ಲಿಯಸ್ಸೂ ಒಡೆಯುವುದಿಲ್ಲ. ಬೆಳಿಗ್ಗೆ ಯಂತ್ರದೊಳಗೆ ಹಾಕಿದ ಹೈಡ್ರೋಜನ್ ಸಂಜೆ ಹೊರಗೆ ತೆಗೆದಾಗಲೂ ಹೈಡ್ರೋಜನ್ನೇ.

ಹಾಗಾದರೆ ಆಗುವುದೇನು? ಹೈಡ್ರೋಜನ್ನಿನ ನ್ಯೂಕ್ಲಿಯಸ್, ಅಂದರೆ ಪ್ರೋಟಾನ್, ತಾನೇ ಒಂದು ಪುಟಾಣಿ ಅಯಸ್ಕಾಂತ. ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು, ಸರಿಯಾದ ಆವರ್ತನದ ರೇಡಿಯೊ ತರಂಗ ಬಿಟ್ಟರೆ ಅದರ ದಿಕ್ಕು ತಿರುಗುತ್ತದೆ. 11.7 ಟೆಸ್ಲಾದ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಅಯಸ್ಕಾಂತಕ್ಕೆ ಆ ಆವರ್ತನ 500 ಮೆಗಾಹರ್ಟ್ಸ್. 2.35 ಟೆಸ್ಲಾ ಆದರೆ 100 ಮೆಗಾಹರ್ಟ್ಸ್. ಇದು ನೀವು ರೇಡಿಯೊದಲ್ಲಿ ಹಾಡು ಕೇಳುವ ಎಫ್‌ಎಂ ಪಟ್ಟಿಯೊಳಗೇ ಬರುತ್ತದೆ.

ಈಗ ಲೆಕ್ಕ ನೋಡಿ. ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ದೇಹಕ್ಕೆ ಹಾನಿ ಮಾಡಬೇಕೆಂದರೆ ವಿಕಿರಣದ ಒಂದು ಕಣದಲ್ಲಿ ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 500 ಮೆಗಾಹರ್ಟ್ಸ್‌ನ ಒಂದು ಕಣದಲ್ಲಿ ಇರುವುದು ಅದರ 50 ಲಕ್ಷದಲ್ಲಿ ಒಂದು ಪಾಲು. ನಿಮ್ಮ ಜಗಲಿಯ ಎಲ್‌ಇಡಿ ಬಲ್ಬಿನ ಬೆಳಕಿನ ಕಣವೇ ಇದಕ್ಕಿಂತ 10 ಲಕ್ಷ ಪಟ್ಟು ಜೋರು! ರೇಡಿಯೊ ತರಂಗವನ್ನು ಎಷ್ಟೇ ಸುರಿದರೂ ಹೆಚ್ಚೆಂದರೆ ವಸ್ತು ಬಿಸಿಯಾದೀತು, ಅಷ್ಟೇ.

ಇಷ್ಟು ಹೇಳಿದ ಮೇಲೂ ‘ಸ್ವಲ್ಪವಾದ್ರೂ ಇರ್ತದಲ್ವಾ ಸರ್?’ ಎನ್ನುವವರಿದ್ದಾರೆ. ಇಲ್ಲ ಮಾರಾಯ್ರೆ, ಸ್ವಲ್ಪವೂ ಇಲ್ಲ. ಮೊಣಕಾಲು ನೋವಿಗೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದಿದ್ದೀರಿ ತಾನೇ? ಅದೂ ಇದೇ ವಿದ್ಯೆ. ಅದರೊಳಗೆ ಆರಾಮಾಗಿ ಮಲಗಿ ಬರುತ್ತೀರಿ. ನಿಜವಾಗಿ ಎಕ್ಸ್-ರೇ ಬಳಸುವ ಸಿ.ಟಿ. ಸ್ಕ್ಯಾನ್ ಬಗ್ಗೆ ಒಬ್ಬರೂ ನನ್ನನ್ನು ಕೇಳಿಲ್ಲ.

ಅಪಾಯವೇ ಇಲ್ಲ ಎಂದಲ್ಲ. ಆ ಅಯಸ್ಕಾಂತಕ್ಕೆ ರಾತ್ರಿ ರಜೆ ಇಲ್ಲ, ಕರೆಂಟು ಹೋದರೂ ಅದು ಆರುವುದಿಲ್ಲ. ಪೇಸ್‌ಮೇಕರ್ ಇದ್ದವರು ಹತ್ತಿರ ಹೋಗಬಾರದು. ಒಳಗೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಇರುತ್ತದೆ. ಅದು ಒಮ್ಮೆಲೇ ಕುದಿದು ಆವಿಯಾದರೆ ಕೋಣೆಯ ಗಾಳಿಯನ್ನೇ ಹೊರದಬ್ಬುತ್ತದೆ, ಉಸಿರುಗಟ್ಟಬಹುದು. ಮಗಳಿಗೆ ಇದನ್ನು ಹೇಳಿ. ಜೇಬಿನಲ್ಲಿ ಸ್ಕ್ರೂಡ್ರೈವರ್, ತಲೆಯಲ್ಲಿ ಕಬ್ಬಿಣದ ಕ್ಲಿಪ್ಪು ಬೇಡ ಅಂತಲೂ ಹೇಳಿ.

ಹಾಂ, ಕೈಗಾದ ಜೊತೆ ಒಂದು ನಂಟು ಇದೆ: ಭಾರಜಲ. ಅಲ್ಲಿ ರಿಯಾಕ್ಟರಿಗೆ ಅದು ಬೇಕು, ಇಲ್ಲಿ ಸ್ಯಾಂಪಲ್ ಕರಗಿಸಲು ಬಳಸುತ್ತಾರೆ. ಅದರಲ್ಲಿರುವ ಡ್ಯೂಟೀರಿಯಂ, ಅಂದರೆ ಹೈಡ್ರೋಜನ್ನಿನ ಭಾರದ ರೂಪ, ವಿಕಿರಣ ಸೂಸುವುದಿಲ್ಲ. ಆ ಬಾಗಿಲೂ ಮುಚ್ಚಿತು.

ಇನ್ನು ಅವಳು ಮಾಡುವ ಕೆಲಸ. 5 ಮಿಲಿಮೀಟರ್ ದಪ್ಪದ ಗಾಜಿನ ನಳಿಗೆಯಲ್ಲಿ ಅರ್ಧ ಮಿಲಿಲೀಟರಿನಷ್ಟು ದ್ರಾವಣ. ಅದರೊಳಗೆ ಕೋಟಿ ಕೋಟಿ ಪ್ರೋಟಾನ್. ರೇಡಿಯೊ ತರಂಗದ ಬಲ ನಳಿಗೆಯ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬೇರೆ ಬೇರೆ ಸೆಳೆತದಲ್ಲಿರುವ ಬೋಟುಗಳಿಗೆಲ್ಲ ವೈರ್‌ಲೆಸ್ಸಿನಲ್ಲಿ ಒಂದೇ ಆದೇಶ ಕೊಟ್ಟು, ಎಲ್ಲವೂ ಒಟ್ಟಿಗೆ ಬೈತಖೋಲ ಬಂದರು ಮುಟ್ಟುವಂತೆ ಮಾಡಬೇಕು ಎಂದುಕೊಳ್ಳಿ. ಆ ಒಂದು ಆದೇಶವನ್ನು ಹುಡುಕುವುದೇ ಕ್ವಾಂಟಂ ಕಂಟ್ರೋಲ್. ತರಂಗದ ತುಣುಕನ್ನು ನೂರಾರು ಚೂರು ಮಾಡಿ, ಒಂದೊಂದರ ಬಲ ಎಷ್ಟು, ಹಂತ (ಫೇಸ್, ಅಂದರೆ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಎಂಬುದು) ಎಷ್ಟು ಎಂದು ಕಂಪ್ಯೂಟರ್ ತಿದ್ದುತ್ತಾ ಹೋಗುತ್ತದೆ. 2005ರಲ್ಲಿ ಪ್ರಕಟವಾದ ಗ್ರೇಪ್ ಎಂಬ ವಿಧಾನ ಇದಕ್ಕೆ ಬಹಳ ಬಳಕೆಯಲ್ಲಿದೆ. ಹಾಗಾಗಿ ಅವಳ ದಿನ ಜಾಸ್ತಿ ಕಳೆಯುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಮ್ಯಾಟ್ರಿಕ್ಸ್ ಲೆಕ್ಕಗಳ ಜೊತೆ.

‘ಇದರಿಂದ ಕ್ವಾಂಟಂ ಕಂಪ್ಯೂಟರ್ ಆಗುತ್ತದಾ?’ ಎಂದು ನೀವು ಕೇಳಲಿಲ್ಲ. ಕೇಳಬೇಕಿತ್ತು! 2001ರಲ್ಲಿ ಐಬಿಎಂ ತಂಡ ಒಂದು ಅಣುವಿನ ಏಳು ನ್ಯೂಕ್ಲಿಯಸ್ ಬಳಸಿ 15ನ್ನು 3 ಮತ್ತು 5 ಎಂದು ಬಿಡಿಸಿತು. ನಗಬೇಡಿ, ಸಂಖ್ಯೆಯನ್ನು ಹೀಗೆ ಬಿಡಿಸುವ ಶೋರ್ ಎಂಬ ಕ್ವಾಂಟಂ ವಿಧಾನವನ್ನು ಪ್ರಯೋಗದಲ್ಲಿ ಮಾಡಿ ತೋರಿಸಿದ್ದು ಅದೇ ಮೊದಲು. ಆದರೆ ಈ ದಾರಿ ದೂರ ಹೋಗಲಿಲ್ಲ. ಕೋಣೆಯ ಬಿಸಿಯಲ್ಲಿ, 11.7 ಟೆಸ್ಲಾದಲ್ಲೂ, ಒಂದು ದಿಕ್ಕಿನ ಪ್ರೋಟಾನ್‌ಗಳು ಇನ್ನೊಂದು ದಿಕ್ಕಿನವಕ್ಕಿಂತ ಹೆಚ್ಚಿರುವುದು ಲಕ್ಷಕ್ಕೆ ನಾಲ್ಕು ಮಾತ್ರ. ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕ; ಇಲ್ಲಿ ಒಂದೊಂದು ನ್ಯೂಕ್ಲಿಯಸ್) ಹೆಚ್ಚಿಸಿದಂತೆ ಸಂಕೇತ ಕ್ಷೀಣಿಸುತ್ತಾ ಹೋಗುತ್ತದೆ. ಇಲ್ಲಿ ಕಲಿತ ನಿಯಂತ್ರಣದ ವಿದ್ಯೆ ಮಾತ್ರ ಬೇರೆ ಬಗೆಯ ಕ್ಯೂಬಿಟ್‌ಗಳಿಗೂ ಎಂಆರ್‌ಐಗೂ ಉಪಯೋಗಕ್ಕೆ ಬಂತು. ಬೆಂಗಳೂರಿನ ಐಐಎಸ್‌ಸಿ, ಪುಣೆಯ ಐಸರ್‌ಗಳಲ್ಲಿ ಎನ್‌ಎಂಆರ್ ಬಳಸಿ ಇಂಥ ಕೆಲಸ ನಡೆದಿದೆ.

ಕೆಲಸದ ಮಾತು: ಕೈಗಾಕ್ಕೆ ಎಂಜಿನಿಯರ್ ಆಗಿ ಹೋಗಲು ಬಿಇ ಮತ್ತು ಗೇಟ್ ಪರೀಕ್ಷೆಯ ಅಂಕ ಬೇಕು, ಪಿಎಚ್‌ಡಿ ಬೇಡ. ಎನ್‌ಎಂಆರ್ ಕಲಿತವರನ್ನು ಔಷಧ ಕಂಪನಿಗಳು, ಸಂಶೋಧನಾ ಸಂಸ್ಥೆಗಳು, ಸ್ಕ್ಯಾನರ್ ತಯಾರಿಸುವವರು ಕೇಳುತ್ತಾರೆ. ಅವು ಬೆಂಗಳೂರು, ಹೈದರಾಬಾದ್ ಕಡೆ. ಶಿರಸಿಯಲ್ಲೇ ಇರಬೇಕು ಎಂಬ ಆಸೆಯಿದ್ದರೆ ಆ ಮಾತನ್ನು ಮಗಳ ಜೊತೆ ಈಗಲೇ ಆಡಿಬಿಡಿ.