ಕರಾವಳಿಯ ಸಂಗೀತ ಭವನ: ಚೆಂಡೆ, ತಂಬೂರಿ ಮತ್ತು ಮಳೆ

ಒಂದೇ ಸೂರಿನಡಿ ಯಕ್ಷಗಾನದ ಚೆಂಡೆ-ಮದ್ದಳೆಯೂ ಶಾಸ್ತ್ರೀಯ ಸಂಗೀತದ ವೀಣೆ-ತಂಬೂರಿಯೂ ಪಾಠಕ್ಕೆ ಸೇರುವ ವಿಶ್ವವಿದ್ಯಾಲಯ ಭವನವನ್ನು ಮಂಗಳೂರು ಅಥವಾ ಉಡುಪಿಯಲ್ಲಿ ಕಟ್ಟುವುದಾದರೆ, ಯಾವ ಕೋಣೆಯ ಪಕ್ಕದಲ್ಲಿ ಯಾವ ಕೋಣೆ ಬರಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಚೆಂಡೆಯ ಪೆಟ್ಟು ಗಾಳಿಯ ಮೂಲಕ ಮಾತ್ರವಲ್ಲ, ನೆಲ ಮತ್ತು ಕಂಬಗಳ ಮೂಲಕವೂ ಹರಡುತ್ತದೆ; ಹೀಗಾಗಿ ಆ ಕೋಣೆ ನೆಲಮಹಡಿಯಲ್ಲಿದ್ದು, ಅದಕ್ಕೂ ಗಾಯನದ ಕೋಣೆಗಳಿಗೂ ನಡುವೆ ಉಗ್ರಾಣವೋ ಪಡಸಾಲೆಯೋ ಇರುವುದು ಒಳ್ಳೆಯದು.

ಗೋಡೆಯ ತೂಕ ಇಮ್ಮಡಿಯಾದರೆ ಅದನ್ನು ದಾಟುವ ಶಬ್ದ ತಾತ್ತ್ವಿಕವಾಗಿ ಸುಮಾರು 6 ಡೆಸಿಬೆಲ್‌ ಮಾತ್ರ ತಗ್ಗುತ್ತದೆ. ಆದ್ದರಿಂದ ಒಂದೇ ಗೋಡೆಯನ್ನು ದಪ್ಪಗೊಳಿಸುವುದಕ್ಕಿಂತ ನಡುವೆ ಗಾಳಿಯ ಅಂತರವಿರುವ ಎರಡು ಗೋಡೆಗಳೇ ಹೆಚ್ಚು ಫಲಕಾರಿ. ಗೋಡೆ ಕಟ್ಟಲು ಬಳಸುವ ನಮ್ಮ ಮುರಕಲ್ಲಿನಲ್ಲಿ (ಲ್ಯಾಟರೈಟ್) ರಂಧ್ರಗಳಿರುವುದರಿಂದ ಕನಿಷ್ಠ ಒಂದು ಬದಿಗಾದರೂ ಗಾರೆ ಬೇಕೇ ಬೇಕು. ಬಾಗಿಲಿನಡಿಯ ಸಂದು ಮುಚ್ಚದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಕೋಣೆಯೊಳಗಿನ ನಾದದ ಲೆಕ್ಕಕ್ಕೆ ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸಬೀನ್ 1895ರಿಂದ ನಡೆಸಿದ ಪ್ರಯೋಗಗಳೇ ಆಧಾರ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ಅವರೇ ಸಲಹೆಗಾರರಾಗಿದ್ದರು. ಶಬ್ದ 60 ಡೆಸಿಬೆಲ್ ಇಳಿಯಲು ಬೇಕಾಗುವ ಸಮಯವೇ ಅನುರಣನ ಕಾಲ. ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಒಳಮೈಯ ಚದರ ಮೀಟರನ್ನು, ಅದು ಶಬ್ದದ ಎಷ್ಟು ಪಾಲನ್ನು ಹೀರುತ್ತದೆಂಬ ಅಂಕದಿಂದ ಗುಣಿಸಿದ ಮೊತ್ತ) ಭಾಗಿಸಿದರೆ ಅದು ಸೆಕೆಂಡುಗಳಲ್ಲಿ ದೊರೆಯುತ್ತದೆ.

15 ಮೀಟರ್ ಉದ್ದ, 10 ಅಗಲ, 6 ಎತ್ತರದ ಸಭಾಂಗಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: ಗಾತ್ರ 900 ಘನಮೀಟರ್, ಒಳಮೈ 600 ಚದರ ಮೀಟರ್. ಗಾರೆಯ ಗೋಡೆ, ಕಾವಿಯ ನೆಲ, ಬರಿಯ ಕಾಂಕ್ರೀಟ್ ಮಾಡು ಇದ್ದು ಸರಾಸರಿ ಹೀರಿಕೆಯ ಅಂಕ 0.025 ಎಂದಿಟ್ಟುಕೊಂಡರೆ ಒಟ್ಟು ಹೀರಿಕೆ 15. ಅನುರಣನ ಹತ್ತಿರ ಹತ್ತಿರ 10 ಸೆಕೆಂಡು. ಒಬ್ಬರಿಗೆ 0.5ರಂತೆ ನೂರು ಮಂದಿ ಶ್ರೋತೃಗಳು ಕುಳಿತು ಒಟ್ಟು ಹೀರಿಕೆ 65 ಆದಾಗಲೂ ಅನುರಣನ ಸುಮಾರು 2.2 ಸೆಕೆಂಡು; ಭಾಗವತರ ಪದ್ಯದ ಸಾಹಿತ್ಯ ಸ್ಪಷ್ಟವಾಗಿ ಕೇಳಲು ಅಷ್ಟು ಹೊತ್ತು ಗುಂಯ್‌ಗುಡುವುದು ಸಲ್ಲದು. 1.2 ಸೆಕೆಂಡಿಗೆ ತರಬೇಕಾದರೆ ಒಟ್ಟು 121ರಷ್ಟು, ಅಂದರೆ ಇನ್ನೂ 56ರಷ್ಟು ಹೀರಿಕೆಯನ್ನು ಸೇರಿಸಬೇಕು. ಪರದೆಗಳಿಂದಲೇ ಇದನ್ನು ಸಾಧಿಸುವುದನ್ನು ನಾನು ಒಪ್ಪುವುದಿಲ್ಲ: ಅವು ತಾರಸ್ವರಗಳನ್ನಷ್ಟೇ ಚೆನ್ನಾಗಿ ಹೀರುತ್ತವೆ, ಮದ್ದಳೆಯ ಮಂದ್ರ ಹಾಗೆಯೇ ಉಳಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಬೇರೆ. ಗೋಡೆಯಿಂದ ಅಂತರವಿಟ್ಟು ಕೂರಿಸಿದ ತೆಳು ಪ್ಲೈವುಡ್ ಹಲಗೆಗಳು ಮಂದ್ರವನ್ನು ಹೀರಬಲ್ಲವು.

ಮಾಡಿನ ವಿಷಯದಲ್ಲಿ ಕರಾವಳಿಗೆ ಬೇರೆಯೇ ವಿಚಾರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತಗಡಿನ ಶೀಟಿನಡಿ ಪಾಠ ನಡೆಯುವುದೇ ಕಷ್ಟ. ಬರಿಯ ಹಂಚಿನ ಸಂದುಗಳಿಂದ ಶಬ್ದ ಸರಾಗವಾಗಿ ಒಳಬರುತ್ತದೆ. ಕಾಂಕ್ರೀಟ್ ಚಪ್ಪಡಿಯ ಮೇಲೆ ಗಾಳಿಯಾಡುವ ಅಂತರವಿಟ್ಟು ಮಂಗಳೂರು ಹಂಚು ಹೊದಿಸಿದರೆ ಮಳೆಯ ಸದ್ದಿಗೂ ಬಿಸಿಲಿಗೂ ಒಟ್ಟಿಗೆ ತಡೆಯಾಗುತ್ತದೆ. ಕಿಟಕಿ ಮುಚ್ಚಿದ ಕೋಣೆಗಳಿಗೆ ಗಾಳಿ ತರುವ ಕೊಳವೆಗಳನ್ನು ನೇರವಾಗಿ ಒಯ್ಯದೆ, ಒಳಗೆ ಹೀರಿಕೆಯ ಪದರವಿಟ್ಟು ತಿರುವುಗಳೊಂದಿಗೆ ಒಯ್ಯಬೇಕು. ಮೃದಂಗ, ಮದ್ದಳೆಗಳ ಚರ್ಮವೂ ಹಲಸಿನ ಮರವೂ ತೇವಕ್ಕೆ ಸ್ಪಂದಿಸುವುದರಿಂದ, ವಾದ್ಯಗಳ ಕೋಣೆಯಲ್ಲಿ ತೇವಾಂಶ ನಿಯಂತ್ರಿಸುವ ಯಂತ್ರಕ್ಕೆ ನಕ್ಷೆಯ ಹಂತದಲ್ಲೇ ಜಾಗ ಮೀಸಲಿಡಬೇಕು.