ಕೆಡವುವ ಮುನ್ನವೇ ಹಾಕಬೇಕಾದ ಷರತ್ತು

ಕೆಡವಿದ ಕಟ್ಟಡಗಳ ಅವಶೇಷಗಳನ್ನು ಏನು ಮಾಡುವುದೆಂದು ಕೇಳಿಕೊಂಡು ಬರುವ ಸ್ಥಳೀಯ ಸಂಸ್ಥೆಗಳ ಬಳಿ ಬಹುಪಾಲು ಉತ್ತರವೂ ಸಿದ್ಧವಿರುತ್ತದೆ: ಒಂದು ಕ್ರಷರ್ ಘಟಕ. ಅದಕ್ಕೆ ಜಾಗ ತೋರಿಸಬಹುದು, ಉದ್ಘಾಟನೆ ಮಾಡಬಹುದು. ಘಟಕ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇನ್ನೊಂದು ಗೋಡೆ ಕಟ್ಟಬಲ್ಲ ಇಟ್ಟಿಗೆಯನ್ನು ಪುಡಿಮಾಡಿ ರಸ್ತೆಯ ತಳಕ್ಕೆ ಸುರಿದರೆ ಅದರ ಬೆಲೆಯೂ ಅಲ್ಲೇ ಹೂತುಹೋಗುತ್ತದೆ.

ಸ್ಥಳೀಯ ಸಂಸ್ಥೆಯ ನಿಜವಾದ ಹಿಡಿತ ಇರುವುದು ಕೆಡವುವ ಪರವಾನಗಿಯಲ್ಲಿ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ 2016ರಲ್ಲಿ ಇದನ್ನೇ ಬಳಸಿಕೊಂಡಿತು. 1916ರಲ್ಲಿ ಅಥವಾ ಅದಕ್ಕೂ ಮೊದಲು ಕಟ್ಟಿದ ಮನೆಗಳನ್ನು ಯಂತ್ರದಿಂದ ಉರುಳಿಸುವಂತಿಲ್ಲ, ಕೈಯಿಂದ ಬಿಚ್ಚಬೇಕು ಎಂದಿತು. ಮುಂದೆ ಆ ಗಡಿಯನ್ನು 1940ಕ್ಕೆ ವಿಸ್ತರಿಸಿತು. ಜೊತೆಗೆ, ಬಿಚ್ಚುವ ಗುತ್ತಿಗೆದಾರರಿಗೆ ತರಬೇತಿ ಮತ್ತು ಪ್ರಮಾಣೀಕರಣದ ವ್ಯವಸ್ಥೆಯನ್ನೂ ಮಾಡಿತು. ಬಿಚ್ಚಲು ಬಲ್ಲ ಕೈಗಳಿಲ್ಲದ ಊರಿನಲ್ಲಿ ನಿಯಮವೊಂದನ್ನೇ ತಂದರೆ ಅದು ಕಡತದಲ್ಲೇ ಉಳಿಯುತ್ತದೆ.

ಮಾಲೀಕರ ತಕರಾರು ಸಾಮಾನ್ಯವಾಗಿ ಸಮಯದ್ದು. ಯಂತ್ರ ಒಂದೆರಡು ದಿನದಲ್ಲಿ ಮುಗಿಸುವ ಮನೆಯನ್ನು ಬಿಚ್ಚಲು ವಾರಕ್ಕೂ ಮೀರಿ ಬೇಕು. ಅತ್ತ ಸಾಲದ ಬಡ್ಡಿ ಓಡುತ್ತಿರುತ್ತದೆ. ಇಲ್ಲಿ ಖರ್ಚಿಲ್ಲದ ಉಪಾಯವೊಂದಿದೆ. ಹೊಸ ನಕ್ಷೆ ಪರಿಶೀಲನೆಯಲ್ಲಿರುವಾಗಲೇ ಬಿಚ್ಚಲು ಅನುಮತಿ ಕೊಡಿ, ಉರುಳಿಸಲು ಕೊಡಬೇಡಿ. ಹೇಗೂ ಕಾಯುವ ದಿನಗಳು ಕೆಲಸದ ದಿನಗಳಾಗುತ್ತವೆ. ಮೊದಲೇ ಠೇವಣಿ ಇಡಿಸಿಕೊಂಡು, ಸಾಮಗ್ರಿ ಎಲ್ಲಿಗೆ ಹೋಯಿತೆಂಬ ತೂಕದ ಚೀಟಿ ತೋರಿಸಿದ ಮೇಲೆ ಮರಳಿಸುವುದೂ ಒಳ್ಳೆಯದೇ. ಆದರೆ ಠೇವಣಿ ಅಲ್ಪವಾದರೆ ಅದನ್ನು ಇನ್ನೊಂದು ಶುಲ್ಕವೆಂದುಕೊಂಡು ಕಟ್ಟಿ ಮರೆತುಬಿಡುತ್ತಾರೆ.

ಅನುಮತಿಗೂ ಮೊದಲು ಕಟ್ಟಡದಲ್ಲಿ ಏನೇನಿದೆ ಎಂಬ ಪಟ್ಟಿ ಆಗಬೇಕು, ಅದೂ ಕೆಡವುವ ಗುತ್ತಿಗೆದಾರನಲ್ಲದ ಬೇರೊಬ್ಬರಿಂದ. ಕಲ್ನಾರು ಶೀಟಿನಂಥ ಅಪಾಯಕಾರಿ ವಸ್ತುಗಳು ಮೊದಲು ಹೊರಬೀಳಬೇಕು. ಗೋಡೆಯ ಗಾರೆ ಯಾವುದೆಂಬುದೂ ಪಟ್ಟಿಯಲ್ಲಿರಲಿ. ಸುಣ್ಣದ ಗಾರೆಯಿಂದ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ; ಗಟ್ಟಿ ಸಿಮೆಂಟ್ ಗಾರೆಯಲ್ಲಿ ಹಲವು ಸಲ ಇಟ್ಟಿಗೆಯೇ ಮೊದಲು ಒಡೆಯುತ್ತದೆ.

ಹೊಸ ಕಟ್ಟಡಗಳ ಮಾತಿಗೆ ಬಂದರೆ, ಲಂಡನ್ ನಗರದ ಬೆಳವಣಿಗೆಗೆ ನಿಯಮ ಹಾಕುವ 2021ರ ‘ಲಂಡನ್ ಯೋಜನೆ’ಯಂತೆ ಮೇಯರ್ ಪರಿಶೀಲನೆಗೆ ಹೋಗುವ ದೊಡ್ಡ ನಿರ್ಮಾಣಗಳು ಸಾಮಗ್ರಿಯ ಮರುಬಳಕೆಯ ವಿವರವನ್ನು ಅರ್ಜಿಯಲ್ಲೇ ಸಲ್ಲಿಸಬೇಕು. ಮುಂದೆ ಸುಲಭವಾಗಿ ಬಿಚ್ಚಲೆಂದು ವೆಲ್ಡಿಂಗ್ ಬದಲು ಬೋಲ್ಟ್ ಎಂಬಂಥ ತೀರ್ಮಾನಗಳು ಆಗುವುದು ಆ ಹಂತದಲ್ಲೇ.

ಇನ್ನು ಸಂಸ್ಥೆಯ ಸ್ವಂತ ಟೆಂಡರ್‌ಗಳು. ಊರಿಗೆಲ್ಲ ಮರುಬಳಕೆ ಬೋಧಿಸುವ ಕಚೇರಿಯ ಟೆಂಡರಿನಲ್ಲೇ ‘ಹೊಸ ಸಾಮಗ್ರಿಯನ್ನು ಮಾತ್ರ ಬಳಸತಕ್ಕದ್ದು’ ಎಂಬ ಹಳೆಯ ಸಾಲು ಕೂತಿರುತ್ತದೆ! ಮಾನಕಗಳು ಅಷ್ಟು ಬಿಗಿಯಾಗಿಲ್ಲ. ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತದ ಮಾನಕ ಐಎಸ್ 383, 2016ರ ಪರಿಷ್ಕರಣೆಯಲ್ಲಿ, ಎಂ25 ಎಂಬ ಬಲದ ದರ್ಜೆಯವರೆಗಿನ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲೂ ಹಳೆ ಕಾಂಕ್ರೀಟಿನಿಂದ ಮಾಡಿದ ಜಲ್ಲಿಯನ್ನು ಶೇ. 20ರವರೆಗೆ ಒಪ್ಪುತ್ತದೆ. ಹಳೆ ಗಾರೆ ಅಂಟಿಕೊಂಡ ಈ ಜಲ್ಲಿ ಹೆಚ್ಚು ನೀರು ಹೀರುತ್ತದೆ, ನಿಜ. ಮೊದಲೇ ನೆನೆಸಿ, ಮಿಶ್ರಣದ ಲೆಕ್ಕ ಸರಿಪಡಿಸಿಕೊಂಡರೆ ಅದು ದೊಡ್ಡ ತೊಡಕಲ್ಲ. ಖರೀದಿದಾರ ಖಚಿತವಾದರೆ ಖಾಸಗಿಯವರು ತಾವಾಗಿಯೇ ಘಟಕ ಹಾಕುತ್ತಾರೆ.

ಕೊನೆಗೆ ದಾಸ್ತಾನಿನ ಅಂಗಳ. ಇಂದು ಬಿಚ್ಚಿದ ಬಾಗಿಲು ಬೇಕಾಗುವ ಮನೆ ಮುಂದಿನ ವರ್ಷ ಏಳಬಹುದು. ಅಲ್ಲಿಯವರೆಗೆ ಅದನ್ನು ಮಳೆಯಿಂದ ಕಾಯಬೇಕು. ಸಂಸ್ಥೆ ಚಾವಣಿ ಇರುವ ಜಾಗ ಕೊಟ್ಟು, ಪ್ರತಿ ವಸ್ತುವಿನ ಅಳತೆ, ಸಂಖ್ಯೆ, ಫೋಟೋ ಇರುವ ಪಟ್ಟಿಯನ್ನು ಎಲ್ಲರಿಗೂ ತೆರೆದಿಡಲಿ. ಅಳತೆ ಗೊತ್ತಿಲ್ಲದ ತೊಲೆಯನ್ನು ಯಾವ ವಿನ್ಯಾಸಕಾರನೂ ತನ್ನ ನಕ್ಷೆಯಲ್ಲಿ ಸೇರಿಸುವುದಿಲ್ಲ.