ಬೆರಳು ತಟ್ಟಿದ್ದು ಕೈಗಡಿಯಾರಕ್ಕೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ಕರೆ ಬಂದಾಗ ನನ್ನ ಮಗಳು ತನ್ನ ಸ್ಮಾರ್ಟ್‌ವಾಚನ್ನು ಮುಟ್ಟುವುದೇ ಇಲ್ಲ, ಅದನ್ನು ಕಟ್ಟಿದ ಕೈಯ ಹೆಬ್ಬೆರಳಿಗೆ ತೋರುಬೆರಳನ್ನು ಎರಡು ಸಲ ತಟ್ಟಿದರೆ ಸಾಕು, ಮಾತು ಶುರುವಾಗುತ್ತದೆ. ಕ್ಯಾಮೆರಾ ಇಲ್ಲದ ಗಡಿಯಾರಕ್ಕೆ ಇದು ಹೇಗೆ ಗೊತ್ತಾಗುತ್ತದೆ?

ಉತ್ತರ: ಮೊದಲು ನಿಮ್ಮ ಕೈಯನ್ನೇ ಪರೀಕ್ಷಿಸಿ. ಎಡ ಮಣಿಕಟ್ಟಿನ ಒಳಭಾಗದ ಮೇಲೆ ಬಲಗೈ ಬೆರಳುಗಳನ್ನು ಹಗುರವಾಗಿ ಇಟ್ಟುಕೊಂಡು, ಎಡಗೈಯ ಹೆಬ್ಬೆರಳಿಗೆ ತೋರುಬೆರಳನ್ನು ತಟ್ಟಿದರೆ, ಚರ್ಮದಡಿ ಹುರಿಯಂಥದ್ದೇನೋ ಬಿಗಿದು ಸಡಿಲವಾಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳನ್ನು ಮೂಳೆಗೆ ಜೋಡಿಸುವ ಹುರಿಗಳು, ಅಂದರೆ ಸ್ನಾಯುರಜ್ಜುಗಳು, ಮಣಿಕಟ್ಟನ್ನು ಹಾಯ್ದೇ ಬೆರಳಿಗೆ ಹೋಗಬೇಕು. ಗಡಿಯಾರ ಕಟ್ಟಿರುವುದು ಆ ಮಣಿಕಟ್ಟಿಗೇ.

2023ರಲ್ಲಿ ಬಂದ ಆಪಲ್ ವಾಚ್ ಸೀರೀಸ್ 9 ಇದಕ್ಕೆ ಮೂರು ಸೆನ್ಸರ್‌ಗಳನ್ನು ಒಟ್ಟಿಗೆ ಬಳಸುತ್ತದೆ. ಆಕ್ಸಿಲರೋಮೀಟರ್ ಮಣಿಕಟ್ಟಿನ ಸಣ್ಣ ಅದುರನ್ನೂ ಗೈರೋಸ್ಕೋಪ್ ಅದರ ತಿರುವನ್ನೂ ಅಳೆಯುತ್ತವೆ. ಮೂರನೆಯದು ಹೃದಯಬಡಿತ ನೋಡಲೆಂದು ಇರಿಸಿದ ಬೆಳಕಿನ ಸೆನ್ಸರ್: ಅದು ಚರ್ಮದ ಮೇಲೆ ಬೀರುವ ಹಸಿರು ಬೆಳಕನ್ನು ರಕ್ತವು ಹೀರಿಕೊಳ್ಳುವುದರಿಂದ, ಬೆರಳುಗಳು ಕೂಡಿದಾಗ ರಕ್ತದ ಹರಿವಿನಲ್ಲಾಗುವ ಕ್ಷಣಿಕ ಬದಲಾವಣೆಯೂ ಮರಳಿ ಬರುವ ಬೆಳಕಿನಲ್ಲಿ ಕಾಣುತ್ತದೆ. ನಾಡಿ ನೋಡುವ ಉಪಕರಣವೇ ಬೆರಳಿನ ಮಾತನ್ನೂ ಕೇಳಿಸಿಕೊಳ್ಳುವ ಈ ಜಾಣ್ಮೆ ನನಗೆ ಬಹಳ ಇಷ್ಟವಾದದ್ದು.

ಕಷ್ಟವಿರುವುದು ಸಂಕೇತವನ್ನು ಹಿಡಿಯುವುದಕ್ಕಿಂತ ಉಳಿದದ್ದನ್ನು ಬಿಡುವುದರಲ್ಲಿ. ರೊಟ್ಟಿ ತಟ್ಟುವಾಗ, ಚಪ್ಪಾಳೆ ಹೊಡೆಯುವಾಗ, ಗುಂಡಿಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುವಾಗಲೂ ಮಣಿಕಟ್ಟು ಅದುರುತ್ತದೆ. ಹಾಗಾಗಿ ಮೂರೂ ಸೆನ್ಸರ್‌ಗಳ ಅಳತೆಗಳನ್ನು ಯಂತ್ರಕಲಿಕೆಯ (ಉದಾಹರಣೆಗಳಿಂದ ಕಲಿತ) ತಂತ್ರಾಂಶ ಗಡಿಯಾರದೊಳಗೇ ಒಟ್ಟುಗೂಡಿಸಿ, ಎರಡು ತಟ್ಟುಗಳ ವಿನ್ಯಾಸ ಅದರಲ್ಲಿ ಇದೆಯೇ ಎಂದು ಹುಡುಕುತ್ತದೆ. ಅದೂ ಕೈಯನ್ನು ಎತ್ತಿ ಪರದೆ ಬೆಳಗಿರುವಾಗ ಮಾತ್ರ. ಪಟ್ಟಿ ಸಡಿಲವಾಗಿದ್ದರೆ ಅಥವಾ ಗಡಿಯಾರದ ಅಡಿಯಲ್ಲಿ ದಟ್ಟವಾದ ಹಚ್ಚೆಯಿದ್ದರೆ ಬೆಳಕಿನ ಸೆನ್ಸರ್ ಎಡವಬಹುದು.

2025ರಲ್ಲಿ ಮೆಟಾ ಕಂಪನಿ ತನ್ನ ಪರದೆಯುಳ್ಳ ಕನ್ನಡಕದ ಜೊತೆ ಕೊಟ್ಟ ಮಣಿಕಟ್ಟಿನ ಪಟ್ಟಿ ಇನ್ನೊಂದು ದಾರಿ ಹಿಡಿದಿದೆ. ಸ್ನಾಯುಗಳು ಕೆಲಸಮಾಡುವಾಗ ಹುಟ್ಟುವ ವಿದ್ಯುತ್ ಸಂಕೇತಗಳನ್ನು ಅದು ಚರ್ಮದ ಮೇಲಿನಿಂದಲೇ ಗ್ರಹಿಸುತ್ತದೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬೆರಳು ತಟ್ಟಿ ಗಡಿಯಾರ ನಡೆಸುವ ಏರ್ಪಾಡನ್ನು ಆಪಲ್ 2021ರಲ್ಲಿ ಮೊದಲು ಪ್ರಕಟಿಸಿದ್ದು ಇನ್ನೊಂದು ಕೈಯಿಂದ ಪರದೆ ಮುಟ್ಟಲಾಗದವರಿಗಾಗಿ, ಅಸಿಸ್ಟಿವ್‌ಟಚ್ ಎಂಬ ಹೆಸರಿನಲ್ಲಿ. ಅದರಲ್ಲಿ ಒಮ್ಮೆ ತಟ್ಟಿದರೆ ಮುಂದಿನ ಆಯ್ಕೆ, ಎರಡು ಸಲ ತಟ್ಟಿದರೆ ಹಿಂದಿನದು, ಮುಷ್ಟಿ ಬಿಗಿದರೆ ಒತ್ತಿದಂತೆ. ಈಗಲೂ ಅದು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ.